ಎಂಬಿಎ ಮಾಡಬೇಕೆಂದರೆ ಯಾವ ಪರೀಕ್ಷೆ ಬರೆಯಬೇಕು?

ಪದವಿಯ ಕೊನೆಯ ಸೆಮಿಸ್ಟರ್ ಹತ್ತಿರವಾಗುತ್ತಿದ್ದಂತೆ ಬಿಕಾಂ, ಬಿಬಿಎ, ಬಿಇ ಓದುವ ಮಕ್ಕಳಿರುವ ಮನೆಗಳಲ್ಲಿ ಎಂಬಿಎ ಮಾತು ಶುರುವಾಗುತ್ತದೆ. ಒಬ್ಬರು ಕ್ಯಾಟ್ ಬರೆ ಎನ್ನುತ್ತಾರೆ, ಇನ್ನೊಬ್ಬರು ಪಿಜಿಸಿಇಟಿ ಸಾಕು ಎನ್ನುತ್ತಾರೆ, ಕೋಚಿಂಗ್ ಸೆಂಟರಿನವರು ಐದಾರು ಪರೀಕ್ಷೆಗಳ ಹೆಸರು ಒಟ್ಟಿಗೇ ಹೇಳುತ್ತಾರೆ. ಬಹಳ ಮಂದಿ ಮೊದಲು ಯಾವುದೋ ಪರೀಕ್ಷೆ ಬರೆದು, ಅಂಕ ಬಂದ ಮೇಲೆ ಕಾಲೇಜು ಹುಡುಕಲು ಹೊರಡುತ್ತಾರೆ. ಅಷ್ಟರಲ್ಲಿ ಒಳ್ಳೆಯ ಕಾಲೇಜುಗಳ ಅರ್ಜಿಯ ದಿನ ಮುಗಿದಿರುತ್ತದೆ. ಆಗಬೇಕಾದದ್ದು ಇದರ ತಿರುವುಮುರುವು: ಯಾವ ಬಗೆಯ ಓದು, ಎಷ್ಟು ಖರ್ಚು, ಯಾವ ಐದಾರು ಕಾಲೇಜು ಎಂಬುದು ಮೊದಲು ತೀರ್ಮಾನವಾಗಲಿ. ಆ ಕಾಲೇಜುಗಳು ಯಾವ ಅಂಕ ಕೇಳುತ್ತವೋ ಅದೇ ನೀವು ಬರೆಯಬೇಕಾದ ಪರೀಕ್ಷೆ.

ಎಂಬಿಎ ಬೇರೆ, ಪಿಜಿಡಿಎಂ ಬೇರೆಯೇ?

ಎಂಬಿಎ ಎನ್ನುವುದು ವಿಶ್ವವಿದ್ಯಾಲಯ ಕೊಡುವ ಸ್ನಾತಕೋತ್ತರ ಪದವಿ. ಮೈಸೂರು, ಬೆಂಗಳೂರು, ಕುವೆಂಪು, ಮಂಗಳೂರು ವಿಶ್ವವಿದ್ಯಾಲಯಗಳಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಸಂಸ್ಥೆಯಲ್ಲಿ, ವಿಟಿಯುಗೆ ಸೇರಿದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿಗುವುದು ಇದೇ. ವಿಶ್ವವಿದ್ಯಾಲಯಕ್ಕೆ ಸೇರದೆ ಸ್ವತಂತ್ರವಾಗಿ ನಡೆಯುವ ಸಂಸ್ಥೆಗಳು ಪದವಿ ಕೊಡುವಂತಿಲ್ಲ. ಅವು ಕೊಡುವುದು ಪಿಜಿಡಿಎಂ ಎಂಬ ಡಿಪ್ಲೊಮಾ, ಅದಕ್ಕೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಅನುಮೋದನೆ ಇರಬೇಕು. ಡಿಪ್ಲೊಮಾ ಎಂದ ಮಾತ್ರಕ್ಕೆ ಅದು ಕೀಳಲ್ಲ. ಕೇಂದ್ರ ಸರ್ಕಾರ ಸ್ಥಾಪಿಸಿದ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಗಳು, ಅಂದರೆ ಐಐಎಂಗಳೂ ದಶಕಗಳ ಕಾಲ ಡಿಪ್ಲೊಮಾವನ್ನೇ ಕೊಡುತ್ತಿದ್ದವು. 2017ರ ಐಐಎಂ ಕಾಯ್ದೆ 2018ರ ಜನವರಿ 31ರಂದು ಜಾರಿಗೆ ಬಂದ ಮೇಲೆಯೇ ಅವುಗಳಿಗೆ ಪದವಿ ಕೊಡುವ ಅಧಿಕಾರ ಸಿಕ್ಕಿತು.

ಹಾಗಾದರೆ ವ್ಯತ್ಯಾಸ ಎಲ್ಲಿ ಮುಖ್ಯವಾಗುತ್ತದೆ? ಖಾಸಗಿ ಕಂಪನಿಯವರು ಸಂಸ್ಥೆಯ ಹೆಸರು ನೋಡುತ್ತಾರೆ, ಪ್ರಮಾಣಪತ್ರದ ಮೇಲಿನ ಅಕ್ಷರಗಳನ್ನಲ್ಲ. ಆದರೆ ಮುಂದೆ ಪಿಎಚ್‌ಡಿ ಮಾಡುವ, ಕಾಲೇಜಿನಲ್ಲಿ ಪಾಠ ಹೇಳುವ ಅಥವಾ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವ ಆಲೋಚನೆಯಿದ್ದರೆ, ಆ ಪಿಜಿಡಿಎಂ ಎಂಬಿಎಗೆ ಸಮಾನ ಎಂದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಮಾನ್ಯ ಮಾಡಿದೆಯೇ ಎಂದು ಸೇರುವ ಮೊದಲೇ ನೋಡಿಕೊಳ್ಳಿ.

ಪರೀಕ್ಷೆಗಳು, ಅವು ಕೊಂಡೊಯ್ಯುವ ಕಡೆ

ಕ್ಯಾಟ್ ನಡೆಸುವುದು ಐಐಎಂಗಳು, ವರ್ಷಕ್ಕೊಂದು ಸಂಸ್ಥೆ ಸರದಿಯಂತೆ. 2024ರಲ್ಲಿ ಕಲ್ಕತ್ತಾ, 2025ರಲ್ಲಿ ಕೋಯಿಕ್ಕೋಡ್ ಐಐಎಂ ನಡೆಸಿದವು. ಎಲ್ಲ ಐಐಎಂಗಳ ಎರಡು ವರ್ಷದ ಮುಖ್ಯ ಕೋರ್ಸಿಗೆ ಇದೇ ದಾರಿ. ಹಲವು ಐಐಟಿಗಳ ಮ್ಯಾನೇಜ್‌ಮೆಂಟ್ ವಿಭಾಗಗಳೂ ಅನೇಕ ಖಾಸಗಿ ಸಂಸ್ಥೆಗಳೂ ಇದೇ ಅಂಕ ತೆಗೆದುಕೊಳ್ಳುತ್ತವೆ.

ಕ್ಸಾಟ್ ಪರೀಕ್ಷೆಯನ್ನು ಜಮ್ಶೆಡ್‌ಪುರದ ಎಕ್ಸ್‌ಎಲ್‌ಆರ್‌ಐ ನಡೆಸುತ್ತದೆ, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ. ಉಳಿದೆಡೆ ಇಲ್ಲದ ಒಂದು ಭಾಗ ಇದರಲ್ಲಿದೆ. ಕೆಲಸದ ಜಾಗದ ಒಂದು ಇಕ್ಕಟ್ಟು ಕೊಟ್ಟು ನೀವಾಗಿದ್ದರೆ ಏನು ನಿರ್ಧಾರ ತೆಗೆದುಕೊಳ್ಳುತ್ತಿದ್ದಿರಿ ಎಂದು ಕೇಳುತ್ತಾರೆ. ಎಂಟಕ್ಕಿಂತ ಹೆಚ್ಚು ಪ್ರಶ್ನೆ ಖಾಲಿ ಬಿಟ್ಟರೆ ಆಮೇಲಿನ ಪ್ರತಿ ಖಾಲಿ ಪ್ರಶ್ನೆಗೂ 0.10 ಅಂಕ ಕಳೆಯುವ ನಿಯಮವೂ ಇಲ್ಲಿದೆ. ಕ್ಯಾಟ್‌ಗೆ ಓದಿದವರು ಇದನ್ನೂ ಬರೆಯುತ್ತಾರೆ. ಆದರೆ ನಿರ್ಧಾರದ ಭಾಗಕ್ಕೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಬಿಡಿಸದೆ ಹೋದರೆ ಅಲ್ಲೇ ಹಿಂದೆ ಬೀಳುತ್ತಾರೆ.

ಸ್ನ್ಯಾಪ್ ಸಿಂಬಯಾಸಿಸ್ ಸಂಸ್ಥೆಗಳದ್ದು: 60 ನಿಮಿಷ, 60 ಪ್ರಶ್ನೆ. ಮೂರು ಸಲ ಬರೆದು ಉತ್ತಮ ಅಂಕ ಉಳಿಸಿಕೊಳ್ಳಬಹುದು. ಸಿಮ್ಯಾಟ್ ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ: 180 ನಿಮಿಷ, 100 ಪ್ರಶ್ನೆ, 400 ಅಂಕ. ಮ್ಯಾಟ್ ಅಖಿಲ ಭಾರತ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ನಿನದು, ವರ್ಷದಲ್ಲಿ ಹಲವು ಸಲ ನಡೆಯುತ್ತದೆ. ಕರ್ನಾಟಕದ ಖಾಸಗಿ ಸ್ನಾತಕೋತ್ತರ ಕಾಲೇಜುಗಳ ಸಂಘ ನಡೆಸುವ ಕೆ-ಮ್ಯಾಟ್ ಇದೇ ರಾಜ್ಯದ ಖಾಸಗಿ ಕಾಲೇಜುಗಳಿಗೆ. ಇನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ನಡೆಸುವ ಪಿಜಿಸಿಇಟಿ ಇದೆ. ರಾಜ್ಯದ ವಿದ್ಯಾರ್ಥಿಗಳು ಇದನ್ನು ಕಡೆಗಣಿಸಬಾರದು. ವಿಶ್ವವಿದ್ಯಾಲಯದ ವಿಭಾಗಗಳ ಸೀಟು ಮತ್ತು ಖಾಸಗಿ ಕಾಲೇಜುಗಳಲ್ಲಿರುವ ಸರ್ಕಾರಿ ಕೋಟಾದ ಸೀಟು ಹಂಚಿಕೆಯಾಗುವುದು ಇದರ ರ‍್ಯಾಂಕ್ ಮೇಲೆ. ಅದೇ ಕಾಲೇಜಿನ ಅದೇ ತರಗತಿಯಲ್ಲಿ ಮ್ಯಾನೇಜ್‌ಮೆಂಟ್ ಸೀಟಿಗೆ ಕಟ್ಟುವ ಹಣಕ್ಕೂ ಸರ್ಕಾರಿ ಸೀಟಿನ ಶುಲ್ಕಕ್ಕೂ ಭಾರಿ ಅಂತರವಿರುತ್ತದೆ.

ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ. ಕ್ಯಾಟ್ ಅರ್ಜಿಯಲ್ಲೇ ನಿಮಗೆ ಬೇಕಾದ ಐಐಎಂಗಳನ್ನು ಗುರುತು ಹಾಕಬಹುದು, ಅದಕ್ಕೆ ಬೇರೆ ಶುಲ್ಕವಿಲ್ಲ. ಆದರೆ ಐಐಎಂ ಅಲ್ಲದ ಪ್ರತಿ ಸಂಸ್ಥೆಗೂ ಬೇರೆ ಅರ್ಜಿ, ಬೇರೆ ಶುಲ್ಕ, ಬೇರೆ ಕೊನೆಯ ದಿನ. ಹಲವರ ಕೊನೆಯ ದಿನ ಪರೀಕ್ಷೆಗೆ ಮೊದಲೇ ಅಥವಾ ಫಲಿತಾಂಶಕ್ಕೆ ಮೊದಲೇ ಮುಗಿಯುತ್ತದೆ. ಕ್ಸಾಟ್, ಸ್ನ್ಯಾಪ್ ಕೂಡ ಹೀಗೆಯೇ. ಪರೀಕ್ಷೆಗೆ ಕಟ್ಟಿದ ಹಣ ಪರೀಕ್ಷೆಗೆ ಮಾತ್ರ, ಕಾಲೇಜಿನ ಅರ್ಜಿ ಬೇರೆ. ಒಳ್ಳೆಯ ಅಂಕ ತೆಗೆದೂ ಅರ್ಜಿ ಹಾಕದೆ ಸೀಟು ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ.

ಕ್ಯಾಟ್ ಒಳಗೆ ಏನಿದೆ

ಅರ್ಹತೆ ಸರಳ. ಯಾವುದೇ ವಿಷಯದ ಪದವಿಯಲ್ಲಿ 50 ಶೇಕಡ ಅಂಕ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ 45 ಶೇಕಡ. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು. ವಯಸ್ಸಿನ ಮಿತಿಯಿಲ್ಲ, ಇಷ್ಟೇ ಸಲ ಎಂಬ ಲೆಕ್ಕವೂ ಇಲ್ಲ. ಅರ್ಜಿ ಆಗಸ್ಟ್‌ನಿಂದ ಸೆಪ್ಟೆಂಬರ್‌ವರೆಗೆ, ಪರೀಕ್ಷೆ ಸಾಮಾನ್ಯವಾಗಿ ನವೆಂಬರಿನ ಕೊನೆಯ ಭಾನುವಾರ, ಫಲಿತಾಂಶ ಡಿಸೆಂಬರ್ ಕೊನೆಯ ಹೊತ್ತಿಗೆ. 2025ರಲ್ಲಿ ಶುಲ್ಕ 2,600 ರೂಪಾಯಿ ಇತ್ತು, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ ಅದರ ಅರ್ಧ.

ಕಂಪ್ಯೂಟರ್ ಮುಂದೆ 120 ನಿಮಿಷ ಕೂರಬೇಕು. ಮೂರು ಭಾಗ, ಪ್ರತಿಯೊಂದಕ್ಕೂ 40 ನಿಮಿಷ: ಇಂಗ್ಲಿಷ್ ಓದು ಮತ್ತು ಗ್ರಹಿಕೆ, ದತ್ತಾಂಶ ಮತ್ತು ತರ್ಕ, ಗಣಿತ. 2024ರ ಪತ್ರಿಕೆಯಲ್ಲಿ ಕ್ರಮವಾಗಿ 24, 22, 22, ಒಟ್ಟು 68 ಪ್ರಶ್ನೆಗಳಿದ್ದವು. ಒಂದು ಭಾಗದ ಸಮಯ ಮುಗಿಯುವ ತನಕ ಮುಂದಿನದಕ್ಕೆ ಹೋಗುವಂತಿಲ್ಲ, ಮುಗಿದ ಮೇಲೆ ಹಿಂದಕ್ಕೂ ಬರುವಂತಿಲ್ಲ. ಹಾಗಾಗಿ ಗಣಿತದಲ್ಲಿ ಉಳಿಸಿದ ಐದು ನಿಮಿಷ ಇಂಗ್ಲಿಷಿಗೆ ಉಪಯೋಗಕ್ಕೆ ಬರುವುದಿಲ್ಲ. ಗಣಿತ ಬಹುಪಾಲು ಹತ್ತನೇ ತರಗತಿಯ ಮಟ್ಟದ್ದೇ: ಶೇಕಡಾವಾರು, ಲಾಭ-ನಷ್ಟ, ವೇಗ-ದೂರ, ಸಮೀಕರಣ, ರೇಖಾಗಣಿತ. ತೆರೆಯ ಮೇಲೆ ಸಾದಾ ಕ್ಯಾಲ್ಕ್ಯುಲೇಟರ್ ಕೂಡ ಇರುತ್ತದೆ. ಕಷ್ಟವಿರುವುದು ಪ್ರಶ್ನೆಗಳ ಆಯ್ಕೆಯಲ್ಲಿ, ಅಂದರೆ ಯಾವುದನ್ನು ಬಿಡಬೇಕು ಎಂದು ಅರ್ಧ ನಿಮಿಷದಲ್ಲಿ ತಿಳಿಯುವುದರಲ್ಲಿ.

ಸರಿ ಉತ್ತರಕ್ಕೆ 3 ಅಂಕ, ನಾಲ್ಕು ಆಯ್ಕೆಯ ಪ್ರಶ್ನೆ ತಪ್ಪಿದರೆ 1 ಅಂಕ ಕಡಿತ. ಉತ್ತರವನ್ನು ನೀವೇ ಟೈಪ್ ಮಾಡುವ ಪ್ರಶ್ನೆಗಳಿಗೆ ಕಡಿತವಿಲ್ಲ, ಅವನ್ನು ಖಾಲಿ ಬಿಡಲು ಕಾರಣವೇ ಇಲ್ಲ. ಊಹೆಯ ಲೆಕ್ಕ ಹೀಗೆ: ಏನೂ ಗೊತ್ತಿಲ್ಲದೆ ನಾಲ್ಕು ಪ್ರಶ್ನೆಗೆ ಕಣ್ಣುಮುಚ್ಚಿ ಉತ್ತರಿಸಿದರೆ ಸರಾಸರಿ ಒಂದು ಸರಿ, ಮೂರು ತಪ್ಪು, 3 ಬಂತು, 3 ಹೋಯಿತು, ಕೈಗೆ ಸೊನ್ನೆ. ಒಂದು ಆಯ್ಕೆ ಖಂಡಿತ ತಪ್ಪೆಂದು ಹೊಡೆದುಹಾಕಲು ಬಂದರೆ, ಅಂಥ ಮೂರು ಪ್ರಶ್ನೆಗೆ ಸರಾಸರಿ 1 ಅಂಕ ಉಳಿಯುತ್ತದೆ. ಆದ್ದರಿಂದ ಕನಿಷ್ಠ ಒಂದು ಆಯ್ಕೆಯನ್ನಾದರೂ ಕಾರಣ ಸಮೇತ ತೆಗೆದುಹಾಕಲು ಆಗುವಲ್ಲಿ ಮಾತ್ರ ಊಹಿಸಿ.

ಪರ್ಸೆಂಟೈಲ್ ಎಂದರೆ ಶೇಕಡ ಅಂಕವಲ್ಲ

ಈ ಒಂದು ಗೊಂದಲದಿಂದ ಬಹಳ ಮಕ್ಕಳು ಹೆದರಿ ಹಿಂದೆ ಸರಿಯುತ್ತಾರೆ. 99 ಪರ್ಸೆಂಟೈಲ್ ಬೇಕು ಎಂದರೆ ನೂರಕ್ಕೆ 99 ಅಂಕ ಬೇಕು ಎಂದುಕೊಳ್ಳುತ್ತಾರೆ. ನ್ಯಾಯಬೆಲೆ ಅಂಗಡಿಯ ಮುಂದಿನ ಸರತಿ ಸಾಲು ನೆನೆಸಿಕೊಳ್ಳಿ. ನಿಮ್ಮ ಕೈಲಿ ಎಷ್ಟು ದೊಡ್ಡ ಚೀಲ ಇದೆ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ, ನಿಮ್ಮ ಹಿಂದೆ ಎಷ್ಟು ಜನ ನಿಂತಿದ್ದಾರೆ ಎಂಬುದಷ್ಟೇ ಲೆಕ್ಕ. ಪರ್ಸೆಂಟೈಲ್ ಹೇಳುವುದು ಅದನ್ನೇ. 2024ರ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ ಮಂದಿ. 99 ಪರ್ಸೆಂಟೈಲ್ ಬಂದವರ ಮುಂದೆ ಇದ್ದವರು ಸುಮಾರು 2,900 ಜನ. 90 ಬಂದವರ ಮುಂದೆ ಸುಮಾರು 29,000 ಜನ. ಸಂಖ್ಯೆಯಲ್ಲಿ ಒಂಬತ್ತರ ವ್ಯತ್ಯಾಸ, ಸಾಲಿನಲ್ಲಿ 26,000 ಜನರ ವ್ಯತ್ಯಾಸ. ಆ ವರ್ಷ ಒಟ್ಟು ಅಂಕ 204. 99 ಪರ್ಸೆಂಟೈಲ್‌ಗೆ ಅದರ ಅರ್ಧದಷ್ಟೂ ಬೇಕಾಗಿರಲಿಲ್ಲ.

ಪರೀಕ್ಷೆ ಒಂದೇ ದಿನ ಮೂರು ಪಾಳಿಯಲ್ಲಿ ನಡೆಯುತ್ತದೆ, ಮೂರಕ್ಕೂ ಬೇರೆ ಬೇರೆ ಪತ್ರಿಕೆ. ಒಂದು ಪಾಳಿ ಕಠಿಣವಾಗಿದ್ದರೆ ಅನ್ಯಾಯವಾಗದಂತೆ ಅಂಕಗಳನ್ನು ಹೊಂದಿಸಿ ಆಮೇಲೆ ಪರ್ಸೆಂಟೈಲ್ ತೆಗೆಯುತ್ತಾರೆ. ಒಟ್ಟು ಪರ್ಸೆಂಟೈಲ್ ಚೆನ್ನಾಗಿದ್ದರೂ ಮೂರರಲ್ಲಿ ಒಂದು ಭಾಗದಲ್ಲಿ ಸಂಸ್ಥೆಯ ಕಟಾಫ್ ಮುಟ್ಟದಿದ್ದರೆ ಸಂದರ್ಶನಕ್ಕೆ ಕರೆ ಬರುವುದಿಲ್ಲ. ಗಣಿತದಲ್ಲಿ ಗಟ್ಟಿಯಾದ ಎಂಜಿನಿಯರಿಂಗ್ ಮಕ್ಕಳು ಇಂಗ್ಲಿಷ್ ಭಾಗದಲ್ಲಿ ನಿಲ್ಲುವುದು ಇಲ್ಲಿಯೇ.

ಕರೆ ಕಳಿಸುವಾಗ ಕ್ಯಾಟ್ ಒಂದನ್ನೇ ನೋಡುವುದಿಲ್ಲ. 1973ರಲ್ಲಿ ಆರಂಭವಾದ ಬೆಂಗಳೂರು ಐಐಎಂ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಅಂಕಗಳನ್ನೂ ಕೆಲಸದ ಅನುಭವವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಹಳೆಯ ಅಂಕ ಕಡಿಮೆಯಿದ್ದವರು ಪಟ್ಟಿ ಮಾಡುವಾಗ ಅದಕ್ಕೆ ಕಡಿಮೆ ಮಹತ್ವ ಕೊಡುವ ಸಂಸ್ಥೆಗಳನ್ನೂ ಸೇರಿಸಿಕೊಳ್ಳಬೇಕು. ಪ್ರತಿ ಐಐಎಂ ತನ್ನ ಪ್ರವೇಶ ನೀತಿಯನ್ನು ಜಾಲತಾಣದಲ್ಲಿ ಹಾಕಿರುತ್ತದೆ. ಅದನ್ನು ಓದಿ ನಿಮ್ಮ ಅಂಕ ಹಾಕಿ ಕೂಡಿ ನೋಡಿದರೆ ಎಲ್ಲಿ ಅವಕಾಶವಿದೆ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ.

ಪಿಜಿಸಿಇಟಿ: ಪರೀಕ್ಷೆಗಿಂತ ಆಮೇಲಿನ ಹೆಜ್ಜೆಗಳೇ ಮುಖ್ಯ

ಎಂಬಿಎಗಾಗಿ ಬರೆಯುವ ಪಿಜಿಸಿಇಟಿ 100 ಪ್ರಶ್ನೆ, 100 ಅಂಕ, 2 ಗಂಟೆ. ಇಂಗ್ಲಿಷ್, ಸಾಮಾನ್ಯ ಜ್ಞಾನ, ತರ್ಕ, ಲೆಕ್ಕ. ತಪ್ಪು ಉತ್ತರಕ್ಕೆ ಕಡಿತವಿಲ್ಲ, ಆದ್ದರಿಂದ ನೂರಕ್ಕೆ ನೂರೂ ತುಂಬಿ ಬರಬೇಕು. ಕೊನೆಯ ಐದು ನಿಮಿಷವನ್ನು ಉಳಿದ ಪ್ರಶ್ನೆ ತುಂಬಲೆಂದೇ ಇಟ್ಟುಕೊಳ್ಳಿ. ಉತ್ತರ ತುಂಬುವುದು ಓಎಂಆರ್ ಹಾಳೆಯಲ್ಲಿ, ಪೆನ್ನಿನಿಂದ. ಒಂದು ಪ್ರಶ್ನೆ ಬಿಟ್ಟು ಮುಂದಿನದಕ್ಕೆ ಹೋದವರು ಉತ್ತರವನ್ನೂ ಒಂದು ಸಾಲು ಮೇಲೆ ತುಂಬುತ್ತಾ ಹೋಗಿ ಇಡೀ ಪತ್ರಿಕೆ ಕೆಡಿಸಿಕೊಳ್ಳುವುದುಂಟು. ಹತ್ತು ಪ್ರಶ್ನೆಗೊಮ್ಮೆ ಕ್ರಮಸಂಖ್ಯೆ ತಾಳೆ ನೋಡಿ. ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ಸರಿಯಾಗಿ ಗುರುತಿಸದಿದ್ದರೆ ಬೇರೆ ಪತ್ರಿಕೆಯ ಕೀ ಉತ್ತರದಲ್ಲಿ ನಿಮ್ಮ ಹಾಳೆ ತಿದ್ದಿ ಹೋಗುತ್ತದೆ.

ರ‍್ಯಾಂಕ್ ಬಂದ ಮೇಲೆ ದಾಖಲೆ ಪರಿಶೀಲನೆ, ಆಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ದಾಖಲಿಸುವುದು, ಆಮೇಲೆ ಸುತ್ತು ಸುತ್ತಾಗಿ ಸೀಟು ಹಂಚಿಕೆ. ಆಪ್ಷನ್ ಎಂಟ್ರಿಯಲ್ಲಿ ಇರುವ ಭಯ ಒಂದೇ: ದೊಡ್ಡ ಕಾಲೇಜನ್ನು ಮೇಲೆ ಬರೆದರೆ ಕೆಳಗಿನದೂ ಕೈತಪ್ಪುತ್ತದೆಯೇ? ತಪ್ಪುವುದಿಲ್ಲ. ಕಂಪ್ಯೂಟರ್ ನಿಮ್ಮ ರ‍್ಯಾಂಕ್ ಬಂದಾಗ ಒಂದನೇ ಆಪ್ಷನ್ ನೋಡುತ್ತದೆ, ಸೀಟಿಲ್ಲದಿದ್ದರೆ ಎರಡನೆಯದು, ಹೀಗೆ ಕೆಳಗಿಳಿಯುತ್ತದೆ. ಮೇಲಿನದಕ್ಕೆ ಆಸೆಪಟ್ಟಿದ್ದರಿಂದ ಕೆಳಗಿನದರಲ್ಲಿ ನಿಮ್ಮ ಹಕ್ಕು ಕಡಿಮೆಯಾಗುವುದಿಲ್ಲ. ಆದ್ದರಿಂದ ನಿಜವಾದ ಇಷ್ಟದ ಕ್ರಮದಲ್ಲೇ ಬರೆಯಿರಿ. ಸೇರಲು ಮನಸ್ಸಿಲ್ಲದ ಕಾಲೇಜನ್ನು ಮಾತ್ರ ಪಟ್ಟಿಗೆ ಹಾಕಬೇಡಿ, ಸಿಕ್ಕಿದರೆ ಆ ಸುತ್ತು ವ್ಯರ್ಥ.

ಸೀಟು ಸಿಕ್ಕ ಮೇಲೆ ನಾಲ್ಕು ಛಾಯ್ಸ್ ಕೊಡುತ್ತಾರೆ. ಛಾಯ್ಸ್ ಒಂದು: ಸೀಟು ಒಪ್ಪಿ ಶುಲ್ಕ ಕಟ್ಟಿ ಕಾಲೇಜಿಗೆ ಸೇರುವುದು. ಎರಡು: ಸಿಕ್ಕ ಸೀಟು ಇಟ್ಟುಕೊಂಡೇ ಮೇಲಿನ ಆಪ್ಷನ್‌ಗಾಗಿ ಮುಂದಿನ ಸುತ್ತಿಗೆ ಕಾಯುವುದು. ಮೂರು: ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು: ಪ್ರಕ್ರಿಯೆಯಿಂದಲೇ ಹೊರಬರುವುದು. ಎರಡನೆಯದನ್ನು ಆರಿಸಿದವರಿಗೆ ಮುಂದಿನ ಸುತ್ತಿನಲ್ಲಿ ಮೇಲಿನ ಆಪ್ಷನ್ ಸಿಕ್ಕಿತೆಂದರೆ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ, ಮತ್ತೆ ವಾಪಸ್ ಕೇಳುವಂತಿಲ್ಲ. ಹಾಗಾಗಿ ಸಿಕ್ಕ ಕಾಲೇಜೇ ಸಾಕು ಎನಿಸಿದರೆ ಛಾಯ್ಸ್ ಒಂದಕ್ಕೇ ನಿಲ್ಲಿ. ಛಾಯ್ಸ್ ದಾಖಲಿಸಲು, ಶುಲ್ಕ ಕಟ್ಟಲು, ಕಾಲೇಜಿಗೆ ವರದಿ ಮಾಡಿಕೊಳ್ಳಲು ಕೊಡುವ ಸಮಯ ಕೆಲವೇ ದಿನ. ಶುಲ್ಕ ಕಟ್ಟಿ ಪ್ರವೇಶ ಪತ್ರ ಇಳಿಸಿಕೊಂಡರೂ ನಿಗದಿತ ದಿನದೊಳಗೆ ಕಾಲೇಜಿಗೆ ಹೋಗದಿದ್ದರೆ ಸೀಟು ಹೋಗುತ್ತದೆ.

ಜಾತಿ, ಆದಾಯ ಪ್ರಮಾಣಪತ್ರ: ಎರಡು ಪಟ್ಟಿ, ಎರಡು ನಮೂನೆ

ಕರ್ನಾಟಕದ ಹಿಂದುಳಿದ ವರ್ಗಗಳ ಮಕ್ಕಳು ಹೆಚ್ಚು ಮೋಸಹೋಗುವ ಜಾಗ ಇದು. ಕೆಇಎ ನೋಡುವುದು ರಾಜ್ಯದ ಪಟ್ಟಿ: ಪ್ರವರ್ಗ 1, 2ಎ, 2ಬಿ, 3ಎ, 3ಬಿ. ನಾಡಕಚೇರಿಯಿಂದ ಬಂದ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕು. ಒಂದು ಅಂಕಿ ತಪ್ಪಿದರೆ ಅಥವಾ ಪತ್ರದಲ್ಲಿನ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದದಿದ್ದರೆ ಮೀಸಲಾತಿಗೆ ತೊಡಕು. ಕ್ಯಾಟ್ ನೋಡುವುದು ಕೇಂದ್ರದ ಒಬಿಸಿ ಪಟ್ಟಿ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಅದರಲ್ಲಿಲ್ಲ. ಇದ್ದರೂ 2ಎ ಅಥವಾ 3ಬಿ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ. ಕೇಂದ್ರ ಸರ್ಕಾರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲವೆಂದು ತಹಶೀಲ್ದಾರರು ಕೊಟ್ಟ ಬೇರೆಯೇ ಪತ್ರ ಬೇಕು. ಕ್ಯಾಟ್ ಅರ್ಜಿ ಮುಗಿದ ಮೇಲೆ ಪ್ರವರ್ಗ ಬದಲಿಸಲು ಬಿಡುವುದಿಲ್ಲ, ಆದ್ದರಿಂದ ಜುಲೈನಲ್ಲೇ ಈ ಪತ್ರಕ್ಕೆ ಅರ್ಜಿ ಹಾಕಿ. ಕಲ್ಯಾಣ ಕರ್ನಾಟಕದವರು ತಮ್ಮ ಭಾಗಕ್ಕಿರುವ ಮೀಸಲಾತಿಯ 371ಜೆ ಪ್ರಮಾಣಪತ್ರವನ್ನೂ, ಎಲ್ಲರೂ ರಾಜ್ಯದಲ್ಲಿ ನಿಗದಿತ ವರ್ಷ ಓದಿದ ವ್ಯಾಸಂಗ ಪ್ರಮಾಣಪತ್ರವನ್ನೂ ಮೊದಲೇ ಸಿದ್ಧಮಾಡಿಟ್ಟುಕೊಳ್ಳಬೇಕು.

ಸಿಜಿಪಿಎ ಬಗ್ಗೆ ಒಂದು ಮಾತು. ಅದನ್ನು ಶೇಕಡಕ್ಕೆ ಬದಲಿಸುವಾಗ ನಿಮ್ಮ ವಿಶ್ವವಿದ್ಯಾಲಯ ಹೇಳಿದ ಸೂತ್ರವನ್ನೇ ಬಳಸಿ. ಅಂದಾಜಿಗೆ ಹತ್ತರಿಂದ ಗುಣಿಸಿ ಬರೆದು, ಪರಿಶೀಲನೆಯಲ್ಲಿ 50 ಶೇಕಡಕ್ಕಿಂತ ಕೆಳಗೆ ಬಂದರೆ ಅರ್ಹತೆಯೇ ಹೋಗುತ್ತದೆ.

ಓದು ಎಲ್ಲಿಂದ ಶುರು

ಪಿಜಿಸಿಇಟಿಗೆ ಎರಡು ಮೂರು ತಿಂಗಳ ನಿಯಮಿತ ಓದು ಸಾಕಾಗಬಹುದು. ಕ್ಯಾಟ್‌ಗೆ ಎಂಟರಿಂದ ಹತ್ತು ತಿಂಗಳು ಇಟ್ಟುಕೊಳ್ಳಿ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಹೆಚ್ಚು ಸಮಯ ಬೇಕಾಗುವುದು ಗಣಿತಕ್ಕಲ್ಲ, ಇಂಗ್ಲಿಷ್ ಓದಿನ ಭಾಗಕ್ಕೆ. 2024ರಲ್ಲಿ ಅದರ 24 ಪ್ರಶ್ನೆಗಳಲ್ಲಿ 16 ಪ್ರಶ್ನೆ ನಾಲ್ಕು ಗದ್ಯಭಾಗಗಳ ಮೇಲೆ ಬಂದವು. ಇದು ವ್ಯಾಕರಣದ ಪರೀಕ್ಷೆಯಲ್ಲ, ಪದಪಟ್ಟಿ ಬಾಯಿಪಾಠ ಮಾಡಿದರೆ ಪ್ರಯೋಜನ ಕಡಿಮೆ. ದಿನಕ್ಕೆ ಒಂದು ಇಂಗ್ಲಿಷ್ ಸಂಪಾದಕೀಯದಿಂದ ಶುರುಮಾಡಿ, ಓದಿದ ಮೇಲೆ ಲೇಖಕರ ವಾದವೇನು ಎಂದು ಕನ್ನಡದಲ್ಲೇ ಎರಡು ಸಾಲು ಬರೆಯಿರಿ. ಬರೆಯಲು ಬಂದರೆ ಅರ್ಥವಾಗಿದೆ ಎಂದರ್ಥ. ಎರಡು ತಿಂಗಳಾದ ಮೇಲೆ ಇತಿಹಾಸ, ತತ್ತ್ವಶಾಸ್ತ್ರ, ವಿಜ್ಞಾನದ ಉದ್ದ ಪ್ರಬಂಧಗಳಿಗೆ ಹೋಗಿ. ಅಪರಿಚಿತ ವಿಷಯದ ಮುಂದೆ ಗಾಬರಿಯಾಗದಿರುವುದೇ ಅಲ್ಲಿಯ ಅಭ್ಯಾಸ.

ಆಗಸ್ಟ್‌ನಿಂದ ವಾರಕ್ಕೊಂದು ಮಾದರಿ ಪರೀಕ್ಷೆ ಬರೆಯಿರಿ. ಬರೆಯಲು ಎರಡು ಗಂಟೆಯಾದರೆ ಪರಿಶೀಲಿಸಲು ಅದಕ್ಕಿಂತ ಹೆಚ್ಚು ಹೊತ್ತು ಕೊಡಿ. ತಪ್ಪುಗಳನ್ನು ಮೂರು ಬಗೆಯಾಗಿ ಬರೆದಿಡಿ: ವಿಷಯವೇ ಗೊತ್ತಿರಲಿಲ್ಲ, ಗೊತ್ತಿದ್ದೂ ಲೆಕ್ಕ ತಪ್ಪಿತು, ಬಿಡಬೇಕಾದ ಪ್ರಶ್ನೆಗೆ ಸಮಯ ಹೋಯಿತು. ಮೊದಲನೆಯದಕ್ಕೆ ಪುಸ್ತಕ, ಎರಡನೆಯದಕ್ಕೆ ಅಭ್ಯಾಸ. ಮೂರನೆಯದು ಮಾದರಿ ಪರೀಕ್ಷೆಗಳನ್ನು ಬರೆಯುತ್ತಾ ಹೋದಂತೆ ಮಾತ್ರ ಸರಿಯಾಗುತ್ತದೆ.

ಹಣದ ಲೆಕ್ಕ

ಬೆಂಗಳೂರು ಐಐಎಂನಂಥ ಹಳೆಯ ಐಐಎಂಗಳ ಎರಡು ವರ್ಷದ ಶುಲ್ಕ 20 ಲಕ್ಷ ದಾಟಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮೆರಿಟ್ ಮೇಲೆ ಸೇರಿದವರು ಅಡಮಾನ, ಜಾಮೀನುದಾರರಿಲ್ಲದೆ ಸಾಲ ಪಡೆಯಬಹುದು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ 3 ಶೇಕಡ ರಿಯಾಯಿತಿಗೂ ಅವಕಾಶವಿದೆ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಕಾಲೇಜು ಹೇಳುವ ಸರಾಸರಿ ಸಂಬಳದ ಮೇಲೆ ಸಾಲದ ಲೆಕ್ಕ ಹಾಕಬೇಡಿ. ಹತ್ತಾರು ಲಕ್ಷದ ಒಂದೆರಡು ಕೆಲಸ ಸೇರಿದರೆ ಸರಾಸರಿ ಜಿಗಿಯುತ್ತದೆ. ಸಂಬಳಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಸಂಬಳವೆಷ್ಟು, ತರಗತಿಯ ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂದು ಕೇಳಿ.

ಎರಡು ವರ್ಷ ಕಾಲೇಜಿಗೆ ಹೋಗಲಾಗದವರಿಗೆ

ನಾಲ್ಕೈದು ವರ್ಷ ಕೆಲಸ ಮಾಡಿದವರಿಗೆ ಒಂದು ವರ್ಷದ ಎಕ್ಸಿಕ್ಯುಟಿವ್ ಕೋರ್ಸುಗಳಿವೆ: ಬೆಂಗಳೂರು ಐಐಎಂನ ಇಪಿಜಿಪಿ, ಅಹಮದಾಬಾದ್ ಐಐಎಂನ ಪಿಜಿಪಿಎಕ್ಸ್. ಇಂಥವಕ್ಕೆ ಸಾಮಾನ್ಯವಾಗಿ ಜಿಮ್ಯಾಟ್ ಅಥವಾ ಜಿಆರ್‌ಇ ಎಂಬ ಅಂತರರಾಷ್ಟ್ರೀಯ ಪರೀಕ್ಷೆಗಳ ಅಂಕ ಕೇಳುತ್ತಾರೆ. ಜಿಮ್ಯಾಟ್ ಈಗ 2 ಗಂಟೆ 15 ನಿಮಿಷದ ಪರೀಕ್ಷೆ, 64 ಪ್ರಶ್ನೆ, ಅಂಕ 205ರಿಂದ 805ರವರೆಗೆ, ಐದು ವರ್ಷ ಊರ್ಜಿತ. ಹೈದರಾಬಾದಿನ ಐಎಸ್‌ಬಿ ಮತ್ತು ವಿದೇಶದ ವಿಶ್ವವಿದ್ಯಾಲಯಗಳಿಗೂ ಇದೇ ನಡೆಯುತ್ತದೆ. ಇನ್ನೂ ಪಿಯುಸಿಯಲ್ಲಿರುವವರಿಗೆ ಇಂದೋರ್ ಐಐಎಂ 2011ರಲ್ಲಿ ಆರಂಭಿಸಿದ ಐದು ವರ್ಷದ ಸಂಯುಕ್ತ ಕೋರ್ಸ್ ಇದೆ, ಪ್ರವೇಶ ಐಪಿಮ್ಯಾಟ್ ಮೂಲಕ.

ಕೆಲಸ ಬಿಡದೆ ಓದುವವರಿಗೆ ದೂರಶಿಕ್ಷಣ ಮತ್ತು ಆನ್‌ಲೈನ್ ಎಂಬಿಎ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ತನ್ನ ಎಂಬಿಎ ಪ್ರವೇಶ ಪರೀಕ್ಷೆಯನ್ನು 2021ರಲ್ಲಿ ಕೈಬಿಟ್ಟಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲೂ ಎಂಬಿಎ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ ಮಾನ್ಯತೆ ಇರುವ ಇಂಥ ಪದವಿ ಕಾಲೇಜಿನಲ್ಲಿ ಕೂತು ಪಡೆದ ಪದವಿಗೆ ಸಮಾನ ಎಂದು 2022ರಲ್ಲಿ ಯುಜಿಸಿ ಸ್ಪಷ್ಟಪಡಿಸಿದೆ. ಆದರೆ ಮಾನ್ಯತೆ ಎನ್ನುವುದು ವಿಶ್ವವಿದ್ಯಾಲಯಕ್ಕೆ ಒಮ್ಮೆ ಸಿಕ್ಕಿ ಮುಗಿಯುವ ಸಂಗತಿಯಲ್ಲ, ಕೋರ್ಸ್‌ಗೂ ವರ್ಷಕ್ಕೂ ಅಂಟಿಕೊಂಡದ್ದು. ನಮ್ಮ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯೇ 2013-14ನೇ ಸಾಲಿನಿಂದ ನವೀಕರಣವಾಗದೆ ನಿಂತು, 2018ರಲ್ಲಿ ಮತ್ತೆ ಸಿಕ್ಕಿತು. ನಡುವೆ ಸಾವಿರಾರು ವಿದ್ಯಾರ್ಥಿಗಳು ಅತಂತ್ರರಾದರು. ಹಾಗಾಗಿ ಯುಜಿಸಿಯ ದೂರಶಿಕ್ಷಣ ಬ್ಯೂರೋ, ಅಂದರೆ ಡಿಇಬಿಯ ಜಾಲತಾಣದಲ್ಲಿ ನೀವು ಸೇರುವ ವರ್ಷ, ಸೇರುವ ಅವಧಿ ಜುಲೈಯೋ ಜನವರಿಯೋ, ಕೋರ್ಸಿನ ಪೂರ್ಣ ಹೆಸರು ಮೂರನ್ನೂ ತಾಳೆ ನೋಡಿ. ದೂರಶಿಕ್ಷಣವನ್ನು ಬೇರೊಬ್ಬರಿಗೆ ಫ್ರಾಂಚೈಸಿ ಕೊಡಲು ನಿಯಮ ಒಪ್ಪುವುದಿಲ್ಲ. ಊರಿನ ಟ್ಯುಟೋರಿಯಲ್ ಒಂದು ಬೇರೆ ರಾಜ್ಯದ ವಿಶ್ವವಿದ್ಯಾಲಯದ ಎಂಬಿಎ ಕೊಡಿಸುತ್ತೇವೆ ಎಂದರೆ ಹಣ ಕಟ್ಟಬೇಡಿ. 2024ರಿಂದ ಪ್ರತಿ ವಿದ್ಯಾರ್ಥಿಯೂ ಸೇರುವ ಮೊದಲು ಓದಿನ ಕ್ರೆಡಿಟ್‌ಗಳನ್ನು ದಾಖಲಿಸಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ತನ್ನ ಎಬಿಸಿ ಸಂಖ್ಯೆ ಬಳಸಿ ಡಿಇಬಿ ಐಡಿ ಮಾಡಿಕೊಳ್ಳಬೇಕು. ಅದನ್ನು ಕೇಳದೆಯೇ ಶುಲ್ಕ ಕಟ್ಟಿಸಿಕೊಳ್ಳಲು ಆತುರಪಡುವ ಕಡೆ ಅಲ್ಲಿಗೇ ನಿಲ್ಲಿಸಿ, ವಿಶ್ವವಿದ್ಯಾಲಯದ ಸ್ವಂತ ಜಾಲತಾಣದಿಂದಲೇ ನೇರವಾಗಿ ಅರ್ಜಿ ಹಾಕಿ.